ಕೂದಲು ಬೆಳೆಯೋಕೆ ಹಚ್ಚೋ ಮಿನಾಕ್ಸಿಡಿಲ್, ಆರನೇ ವಾರ: ಉದುರೋದು ಜಾಸ್ತಿ ಆಗಿದೆ, ಬಿಡಬೇಕಾ?

ಡೊಂಬಿವಲಿ ಫಾಸ್ಟ್:
ವಯಸ್ಸು 31, ನೆತ್ತಿ ತೆಳುವಾಗಿದೆ, ಅಪ್ಪನಿಗೂ ಹಾಗೇ. ಚರ್ಮದ ಡಾಕ್ಟರು ಬರೆದಿದ್ದು ಮಿನಾಕ್ಸಿಡಿಲ್ 5% ಜೊತೆ ಫಿನಾಸ್ಟರೈಡ್ (ಕೂದಲು ಉದುರೋದು ತಡೆಯೋ ಇನ್ನೊಂದು ಔಷಧ) 0.1% ಇರೋ ಲೋಷನ್, ದಿನಕ್ಕೆರಡು ಸಲ 1 ಎಂಎಲ್. ಈಗ ಬಾಚಣಿಗೆಗೆ ಮೊದಲಿಗಿಂತ ಹೆಚ್ಚು ಕೂದಲು ಬರ್ತಿದೆ. ಬೆಳಿಗ್ಗೆ ಹಚ್ಚಿ ಲೋಕಲ್ ರೈಲು ಹತ್ತಿದ್ರೆ ಠಾಣೆ ಸ್ಟೇಷನ್ ಬರೋಷ್ಟರಲ್ಲಿ ಬೆವರಿನ ಜೊತೆ ಹಣೆಗೆ ಇಳಿಯುತ್ತೆ. ಸಂಜೆಗೆ ತಲೇಲಿ ಬಿಳಿ ಪುಡಿ. ಹೆಂಡತಿಗೆ ಈಗ ನಾಲ್ಕು ತಿಂಗಳು, ಅವಳಿಗೆ ಆ ವಾಸನೆ ಆಗಲ್ಲ, ಹಾಗಾಗಿ ಅವಳು ಮಲಗಿದ ಮೇಲೆ ಹಚ್ಚಿ ನಾನೂ ಮಲಗಿಬಿಡ್ತೀನಿ. ಎಲ್ಲರೂ ಇಲ್ಲಿನ ನೀರಿನದೇ ತಪ್ಪು ಅಂತಾರೆ. ಮುಂದುವರಿಸಲಾ?

ಮಾಟುಂಗಾ ಮೆಡಿಕಲ್:
ಉದುರೋದು ಆಮೇಲೆ, ಮೊದಲು ಹೆಂಡತಿ ವಿಷಯ. ನಿಮ್ಮ ಲೋಷನ್‌ನಲ್ಲಿ ಫಿನಾಸ್ಟರೈಡ್ ಇದೆ. ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತೆ, ಹೊಟ್ಟೆಯಲ್ಲಿರೋದು ಗಂಡು ಮಗುವಾದ್ರೆ ಜನನಾಂಗದ ಬೆಳವಣಿಗೆಗೆ ತೊಂದರೆ ಆಗಬಹುದು. ಬಸುರಿ ಮುಟ್ಟಲೇಬಾರದು. ನೀವು ಹಸಿ ತಲೆ ಇಟ್ಟು ಮಲಗೋ ದಿಂಬನ್ನ ಬೆಳಿಗ್ಗೆ ಎತ್ತಿಡೋರು ಯಾರು? ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಬರೀ ಮಿನಾಕ್ಸಿಡಿಲ್‌ಗೆ ಬದಲಿಸಬಹುದಾ ಕೇಳಿ. ಬಾಟಲಿ, ದಿಂಬಿನ ಕವರ್, ಟವೆಲ್ ಮೂರೂ ಬೇರೆ ಇಡಿ, ಕವರ್ ನೀವೇ ಒಗೀರಿ. ಹಚ್ಚಿದ ಮೇಲೆ ಸೋಪು ಹಾಕಿ ಕೈ ತೊಳೀರಿ. ಮನೇಲಿ ಬೆಕ್ಕಿದ್ರೆ ಅದನ್ನೂ ದೂರ ಇಡಿ, ಮಿನಾಕ್ಸಿಡಿಲ್ ಸ್ವಲ್ಪ ನೆಕ್ಕಿದ್ರೂ ಬೆಕ್ಕಿನ ಜೀವಕ್ಕೆ ಅಪಾಯ.

ಇನ್ನು ಉದುರೋದು. ವಿಶ್ರಾಂತಿ ಹಂತದಲ್ಲಿದ್ದ ಹಳೇ ಕೂದಲನ್ನ ಹೊಸ ಬೆಳವಣಿಗೆ ಹೊರಗೆ ತಳ್ಳುತ್ತೆ. ಸಾಮಾನ್ಯವಾಗಿ 2ರಿಂದ 8 ವಾರದೊಳಗೆ ಕಾಣೋದು. ಹೆಚ್ಚು ಜನ ಬಿಡೋದೂ ಇದೇ ಹೊತ್ತಲ್ಲಿ. ಫಲ ಕಾಣೋಕೆ 4ರಿಂದ 6 ತಿಂಗಳು ಬೇಕು. ಬಿಟ್ರೆ, ಬಂದದ್ದು ಮೂರ್ನಾಲ್ಕು ತಿಂಗಳಲ್ಲಿ ಹೋಗುತ್ತೆ. ಒಂದು ಹೊತ್ತು ತಪ್ಪಿದ್ರೆ ಮುಂದಿನ ಸಲ ಎರಡರಷ್ಟು ಹಚ್ಚಬೇಡಿ. ಮಿನಾಕ್ಸಿಡಿಲ್ ಮೂಲತಃ ರಕ್ತದೊತ್ತಡ ಇಳಿಸೋ ಮಾತ್ರೆ, ಎದೆ ಬಡಿತ ಜೋರಾದ್ರೆ, ತಲೆ ಸುತ್ತಿದ್ರೆ, ಕಾಲು ಊದಿದ್ರೆ ನಿಲ್ಲಿಸಿ ಡಾಕ್ಟರನ್ನ ಕಾಣಿ.

ಕೊತ್ರೂಡ್ ಮಂದಿ:
ಹಣೀಗೆ ಇಳೀತದ ಅಂದ್ರ ಕೂದಲಕ್ಕ ಹಚ್ಚಾಕತ್ತೀರಿ, ಚರ್ಮಕ್ಕ ಅಲ್ಲ. ತಲಿ ಪೂರ್ತಿ ಒಣಗಿರಬೇಕು. ಬಾಚಣಿಗಿ ತುದಿಯಿಂದ ಬೈತಲಿ ತಗೀರಿ, ಡ್ರಾಪರ್‌ನಿಂದ ಆ ಗೆರಿ ಮ್ಯಾಲೆ ಎರಡ್ಮೂರು ಹನಿ, ಬೆರಳಿಂದ ಸವರಿ, ಒಂದು ಬೆರಳಷ್ಟು ಸರಿದು ಇನ್ನೊಂದು ಬೈತಲಿ. 1 ಎಂಎಲ್ ಮುಗಿಯೂತನಕ ಹಿಂಗ ಮಾಡ್ರಿ. 60 ಎಂಎಲ್ ಬಾಟ್ಲಿ ತಿಂಗಳಕ್ಕ ಸರಿ ಹೋಗಬೇಕು. ಹದಿನೈದು ದಿನಕ್ಕ ಖಾಲಿ ಆದ್ರ ಸುರುವಾಕತ್ತೀರಿ, ಎರಡು ತಿಂಗಳು ಬಂದ್ರ ಅರ್ಧ ಹಚ್ಚಾಕತ್ತೀರಿ. ಹಚ್ಚಿದ ಮ್ಯಾಲೆ 4 ತಾಸು ತಲಿ ತೊಳೀಬ್ಯಾಡ್ರಿ, ಮಲಗೂಕಿಂತ 2 ತಾಸು ಮೊದ್ಲ ಹಚ್ಚ್ರಿ. ಆಲ್ಕೋಹಾಲ್ ಇರ್ತದ, ಹಸಿ ಇದ್ದಾಗ ದೀಪ, ಗ್ಯಾಸ್ ಹತ್ರ ಹೋಗಬ್ಯಾಡ್ರಿ.

ಬಿಳಿ ಪುಡಿ ಹೊಟ್ಟು ಅಂತ ತಿಳೀಬ್ಯಾಡ್ರಿ. ಆಲ್ಕೋಹಾಲ್ ಆರಿದ ಮ್ಯಾಲೆ ಉಳಿದ ಔಷಧದ ಹರಳು ಇರಬಹುದು. ಕೆಂಪಾಗಿ ತುರಿಸಿದ್ರ ಮಾತ್ರ ಬ್ಯಾರೆ ಲೆಕ್ಕ: ಲೋಷನ್‌ನ ಪ್ರೊಪಿಲೀನ್ ಗ್ಲೈಕಾಲ್ (ಔಷಧ ಕರಗಿಸೂ ದ್ರವ) ಆಗಿ ಬರ್ಲಿಕ್ಕಿಲ್ಲ, ಆಗ ಅದು ಇಲ್ಲದ ಫೋಮ್ ಕೇಳ್ರಿ. ಫೋಮ್ ಬಿಸಿ ಕೈಯಾಗ ಕರಗತದ, ಬೆರಳು ತಣ್ಣೀರಿನಾಗ ಅದ್ದಿ, ಒರಸಿ ತಗೋರಿ. ನೀರಿನ ಮಾತು ಬಿಡ್ರಿ. ಗಡಸು ನೀರಿಗೆ ಕೂದಲು ಒರಟಾಗ್ತದ, ಆದ್ರ ಅಪ್ಪನ ಬೋಳು ಟ್ಯಾಂಕರ್‌ನಾಗ ಬರೂದಿಲ್ಲ.

ಡೊಂಬಿವಲಿ ಫಾಸ್ಟ್:
ಫೋನ್ ಮಾಡ್ದೆ, ನಾಳೆ ಬರೋಕೆ ಹೇಳಿದ್ರು. ಡರ್ಮಾರೋಲರ್ (ಚರ್ಮದ ಮೇಲೆ ಉರುಳಿಸೋ ಸಣ್ಣ ಸೂಜಿಗಳ ರೋಲರ್) ಸೇರಿಸಿದ್ರೆ ಬೇಗ ಬರುತ್ತಾ?

ಮಾಟುಂಗಾ ಮೆಡಿಕಲ್:
ಅದರ ಪರೀಕ್ಷೆ ಆಗಿದ್ದೇ ಇಲ್ಲಿ, ಮುಂಬೈಯ ಸಾಯನ್ ಆಸ್ಪತ್ರೆಯಲ್ಲಿ. 2013ರಲ್ಲಿ ಪ್ರಕಟವಾಯ್ತು. 100 ಗಂಡಸರು, 12 ವಾರ. ವಾರಕ್ಕೊಮ್ಮೆ 1.5 ಮಿಮೀ ರೋಲರ್ ಜೊತೆ 5% ಮಿನಾಕ್ಸಿಡಿಲ್ ಹಚ್ಚಿದವರಿಗೆ, ಬರೀ 5% ಹಚ್ಚಿದವರಿಗಿಂತ ಕೂದಲ ಎಣಿಕೆ ಚೆನ್ನಾಗಿ ಏರಿತ್ತು. ಆದ್ರೆ ಚುಚ್ಚಿದ ಮೇಲೆ 24 ಗಂಟೆ ಮಿನಾಕ್ಸಿಡಿಲ್ ಹಚ್ಚಲಿಲ್ಲ. ಮನೇಲಿ ಮಾಡೋರು ತಪ್ಪೋದೇ ಅಲ್ಲಿ: ರಂಧ್ರ ಇರೋವಾಗಲೇ ಸುರಿದ್ರೆ ಔಷಧ ನೇರ ರಕ್ತಕ್ಕೆ ಹೆಚ್ಚು ಹೋಗುತ್ತೆ, ಉರಿಯೂ ಬರುತ್ತೆ. ಸೂಜಿ ಮೊಂಡಾಗಿದ್ರೆ ಚರ್ಮ ಹರಿಯುತ್ತೆ. ಈಗ ಬೇಡ, ಉದುರೋದು ನಿಲ್ಲಲಿ. ಮಾಡಿಸೋದಾದ್ರೆ ಕ್ಲಿನಿಕ್‌ನಲ್ಲೇ ಮಾಡಿಸಿ. ನಾಳೆ ಹೋಗುವಾಗ ಬಾಟಲಿ ಕೈಲಿ ಹಿಡ್ಕೊಂಡೇ ಹೋಗಿ, ಅದರಲ್ಲಿ ಏನೇನಿದೆ ಅಂತ ಲೇಬಲ್ ತೋರಿಸಿ.