ಟಿಂಪನಿಯೊಂದನ್ನೇ ನಂಬಿ ವೃತ್ತಿಜೀವನ ನಡೆಸಬಹುದೇ?

ಪ್ರಶ್ನೆ – ಮೃದಂಗಾಭಿಮಾನಿ

ಬಾಲ್ಯದಿಂದ ಮೃದಂಗ ಕಲಿತ ನನ್ನ ಅಕ್ಕನ ಮಗ ಈಗ ಅಮೆರಿಕದ ಸಂಗೀತ ಕಾಲೇಜೊಂದರಲ್ಲಿ ಪಾಶ್ಚಾತ್ಯ ತಾಳವಾದ್ಯಗಳನ್ನು ಅಭ್ಯಸಿಸುತ್ತಿದ್ದಾನೆ. ಸಿಂಫನಿ ಆರ್ಕೆಸ್ಟ್ರಾವೊಂದರಲ್ಲಿ ಟಿಂಪನಿ ವಾದಕನಾಗಬೇಕೆಂಬುದು ಅವನ ಹಂಬಲ. ನಾನು ನೋಡಿದ ಕಛೇರಿಗಳಲ್ಲಿ ಹಿಂದಿನ ಸಾಲಿನ ಆ ಚರ್ಮ ಬಿಗಿದ ದೊಡ್ಡ ತಾಮ್ರದ ಹಂಡೆಗಳ, ಅಂದರೆ ಟಿಂಪನಿಗಳ, ನಡುವೆ ಕುಳಿತವರು ಬಹುಪಾಲು ಹೊತ್ತು ಸುಮ್ಮನೆಯೇ ಇರುತ್ತಾರೆ. ಇದು ಪೂರ್ಣಾವಧಿಯ ವೃತ್ತಿಯಾಗುವುದು ಹೇಗೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ಹಿಂದಿನ ಸಾಲಿನವನು

ಅವರು ಸುಮ್ಮನೆ ಕುಳಿತಂತೆ ಕಾಣುವ ಹೊತ್ತಿನಲ್ಲೇ ಕಷ್ಟದ ಕೆಲಸ ನಡೆದಿರುತ್ತದೆ. ಮುಂದಿನ ಸಲ ಗಮನವಿಟ್ಟು ನೋಡಿ: ವಾದಕರು ಬಾಗಿ, ಕಿವಿಯನ್ನು ಚರ್ಮದ ಹತ್ತಿರಕ್ಕೆ ತಂದು, ಬೆರಳಿನಿಂದ ಮೆಲ್ಲಗೆ ತಟ್ಟಿ, ಕಾಲಿನಿಂದ ಪೆಡಲ್ ಒತ್ತಿ ಮುಂದಿನ ಸ್ವರವನ್ನು ಕೂಡಿಸುತ್ತಿರುತ್ತಾರೆ. ಸುತ್ತಲೂ ಎಂಬತ್ತು ಮಂದಿ ಬೇರೆಯದೇ ಶ್ರುತಿಯಲ್ಲಿ ನುಡಿಸುತ್ತಿರುವಾಗ, ಕೆಲವು ಆವರ್ತಗಳ ಬಳಿಕ ತನಗೆ ಬೇಕಾಗುವ ಸ್ವರವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಜೊತೆಗೆ ವಿರಾಮದ ಎಣಿಕೆಯೂ ತಪ್ಪಬಾರದು. ತಪ್ಪಿದರೆ ಮರೆಮಾಚಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಬೀಥೋವನ್ ಅವರ 1806ರ ವಯಲಿನ್ ಕನ್ಚೆರ್ಟೊ ಆರಂಭವಾಗುವುದೇ ಟಿಂಪನಿಯೊಂದರ ನಾಲ್ಕು ಮೆದು ಹೊಡೆತಗಳಿಂದ. ಅಲ್ಲಿ ಕೈ ನಡುಗಿದರೆ ಇಡೀ ಸಭೆಗೆ ತಿಳಿಯುತ್ತದೆ.

ವೃತ್ತಿಯ ವಿಷಯಕ್ಕೆ ಬಂದರೆ, ಅಮೆರಿಕದ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಟಿಂಪನಿಯದು ಉಳಿದ ತಾಳವಾದ್ಯಗಳಿಂದ ಪ್ರತ್ಯೇಕವಾದ ಹುದ್ದೆ, ಮತ್ತು ಮುಖ್ಯ ವಾದಕರ ಸ್ಥಾನ ಒಂದೇ ಒಂದು. ಸಾಲ್ ಗುಡ್‌ಮನ್ ಇಪ್ಪತ್ತು ತುಂಬುವ ಮೊದಲೇ, 1926ರಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್‌ನ ಆ ಸ್ಥಾನಕ್ಕೆ ಬಂದು 1972ರವರೆಗೆ ಅಲ್ಲಿಯೇ ಇದ್ದರು. ಬಾಸ್ಟನ್ ಸಿಂಫನಿಯಲ್ಲಿ ವಿಕ್ ಫರ್ತ್ 1956ರಿಂದ 2002ರವರೆಗೆ ಇದ್ದರು. ಇಬ್ಬರದೂ 46 ವರ್ಷ! ಗುಡ್‌ಮನ್ ಜೂಲಿಯಾರ್ಡ್ ಶಾಲೆಯಲ್ಲಿ ಪಾಠ ಹೇಳಿದರು, ಟಿಂಪನಿಗಳನ್ನೂ ತಯಾರಿಸಿದರು. ಫರ್ತ್ ತಮಗೆ ಸಿಗುತ್ತಿದ್ದ ಕೋಲುಗಳಿಂದ ತೃಪ್ತರಾಗದೆ 1960ರ ದಶಕದ ಆರಂಭದಲ್ಲಿ ತಾವೇ ಮಾಡಿಸತೊಡಗಿದರು. ಇಂದು ಡ್ರಮ್ ನುಡಿಸುವವರೆಲ್ಲ ಅವರ ಹೆಸರನ್ನು ಬಲ್ಲದ್ದು ಆ ಕೋಲುಗಳಿಂದಲೇ.

ಉತ್ತರ – ಪರದೆಯ ಆಚೆ

ಮೇಲಿನ ಮಾತು ನಿಜವಾದರೂ ಅದರ ಇನ್ನೊಂದು ಮಗ್ಗುಲನ್ನು ಹುಡುಗನಿಗೆ ಹೇಳದೆ ಇರಬಾರದು. ಒಬ್ಬರು 46 ವರ್ಷ ಕುಳಿತ ಕುರ್ಚಿ ಬೇರೆಯವರಿಗೆ 46 ವರ್ಷ ಖಾಲಿಯಾಗುವುದಿಲ್ಲ. ಖಾಲಿಯಾದಾಗ ದೇಶದ ನಾನಾ ಕಡೆಗಳಿಂದ ಸ್ಪರ್ಧಿಗಳು ಬರುತ್ತಾರೆ. ಆಡಿಷನ್‌ನ ಮೊದಲ ಸುತ್ತುಗಳು ಸಾಮಾನ್ಯವಾಗಿ, ನುಡಿಸುವವರು ಯಾರೆಂದು ತೀರ್ಪುಗಾರರಿಗೆ ಕಾಣದಂತೆ, ಪರದೆಯ ಹಿಂದೆ ನಡೆಯುತ್ತವೆ, ಆದ್ದರಿಂದ ಪ್ರಸಿದ್ಧ ಕೃತಿಗಳಿಂದ ಆಯ್ದ ಕೆಲವು ಭಾಗಗಳನ್ನು ನುಡಿಸುವ ಆ ಹತ್ತಾರು ನಿಮಿಷಗಳೇ ಹಣೆಬರಹವನ್ನು ನಿರ್ಧರಿಸುತ್ತವೆ. ಆಯ್ಕೆಯಾದ ಮೇಲೂ ಪರೀಕ್ಷಾವಧಿಯನ್ನು ದಾಟಿದ ನಂತರವೇ ಹುದ್ದೆ ಖಾಯಂ. ನನ್ನ ಅಭಿಪ್ರಾಯದಲ್ಲಿ ಇದು ನ್ಯಾಯವಾದ ಕ್ರಮ, ಆದರೆ ಕರುಣೆಯಿಲ್ಲದ ಕ್ರಮ.

ಹೊರಗಿನಿಂದ ಒಳಗೆ ಬರುವ ಸಣ್ಣ ಬಾಗಿಲೊಂದು ಇದೆ. ಬರ್ಲಿಯೋಜ್ ಅವರ ‘ಸಿಂಫನಿ ಫಾಂಟಾಸ್ಟಿಕ್’ನಲ್ಲಿ ದೂರದ ಗುಡುಗಿಗೆ ನಾಲ್ವರು ವಾದಕರು ಬೇಕು, ನೀಲ್ಸನ್ ಅವರ ನಾಲ್ಕನೆಯ ಸಿಂಫನಿಯಲ್ಲಿ ಎರಡು ಜೊತೆ ಟಿಂಪನಿಗಳು ಎದುರುಬದುರಾಗುತ್ತವೆ. ಇಂಥ ಸಂದರ್ಭಗಳಲ್ಲಿ ಹೊರಗಿನವರನ್ನು ಕರೆಸುವುದುಂಟು.

ಮೃದಂಗಾಭಿಮಾನಿ

ಇಬ್ಬರಿಗೂ ಧನ್ಯವಾದಗಳು. ಭಾರತಕ್ಕೆ ಮರಳಿದರೆ ಅವಕಾಶವಿದೆಯೇ? ಮೃದಂಗದ ಪಾಠ ವ್ಯರ್ಥವಾಯಿತೇ?

ಉತ್ತರ – ಹಿಂದಿನ ಸಾಲಿನವನು

ಮುಂಬಯಿಯಲ್ಲಿ 2006ರಲ್ಲಿ ಸ್ಥಾಪನೆಯಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ; ಅದರಾಚೆಗೆ ಸಂಬಳದ ಟಿಂಪನಿ ಹುದ್ದೆಯನ್ನು ಇಲ್ಲಿ ನಿರೀಕ್ಷಿಸುವುದು ಕಷ್ಟ.

ಮೃದಂಗ ಖಂಡಿತ ವ್ಯರ್ಥವಲ್ಲ. ಸರ್ ಸಿ. ವಿ. ರಾಮನ್ 1920ರಲ್ಲಿಯೇ ನಮ್ಮ ತಾಳವಾದ್ಯಗಳ ಕುರಿತು ಬರೆದು, ಮಧ್ಯದಲ್ಲಿ ಹಚ್ಚುವ ಕರಣೆಯ ತೂಕದಿಂದ ಚರ್ಮದ ಉಪಸ್ವರಗಳು (ಮೂಲಸ್ವರದ ಜೊತೆಗೆ ಹುಟ್ಟುವ ಮೇಲಿನ ಸ್ವರಗಳು) ಹೊಂದಿಕೊಳ್ಳುವುದನ್ನು ವಿವರಿಸಿದ್ದರು. ಟಿಂಪನಿಗೆ ಕರಣೆಯಿಲ್ಲ, ಚರ್ಮದೊಂದಿಗೆ ಕಂಪಿಸುವ ಗಾಳಿಯ ಭಾರ ಅಲ್ಲಿ ಅದೇ ಬಗೆಯ ಉಪಕಾರ ಮಾಡುತ್ತದೆ, ಅದೂ ನಡುವೆ ಹೊಡೆಯದೆ ಅಂಚಿನಿಂದ ಮೂರುನಾಲ್ಕು ಅಂಗುಲ ಒಳಗೆ ಹೊಡೆದಾಗ. ಕಲ್ಲಿನಿಂದ ತಟ್ಟಿ ತಟ್ಟಿ ಬಲಮುಚ್ಚಿಗೆಯನ್ನು ಶ್ರುತಿಗೆ ತಂದ ಹುಡುಗನಿಗೆ, ಚರ್ಮದ ಒಂದು ಮೂಲೆ ಇಳಿದಿರುವುದನ್ನು ಕೇಳಿ ಹಿಡಿಯುವ ಕಿವಿ ಆಗಲೇ ಬಂದಿರುತ್ತದೆ. ಉಳಿದ ತಾಳವಾದ್ಯಗಳನ್ನು ಮಾತ್ರ ಅವನು ಬಿಡದಿರಲಿ: ಫರ್ತ್ ಕೂಡ 1952ರಲ್ಲಿ ಬಾಸ್ಟನ್ ಸಿಂಫನಿಯನ್ನು ಸೇರಿದ್ದು ತಾಳವಾದ್ಯ ವಿಭಾಗದ ಮೂಲಕ, ಮುಖ್ಯ ಟಿಂಪನಿ ವಾದಕರಾದದ್ದು ನಾಲ್ಕು ವರ್ಷಗಳ ನಂತರ.