ಸಣ್ಣ ಹಾಯಿದೋಣಿಯ ಬೂಮ್‌ಗೆ ಆಸರೆ ಯಾವುದು?

ಪ್ರಶ್ನೆ

ನಮಸ್ಕಾರ ಸರ್. ನಮ್ಮದು ಆರು ಮೀಟರ್ ಉದ್ದದ ಹಳೆಯ ಹಾಯಿದೋಣಿ. ಬೂಮ್, ಅಂದರೆ ಹಾಯಿಯ ಕೆಳಗಿನ ಅಂಚನ್ನು ಹಿಡಿದಿರುವ ಅಡ್ಡಗೋಲು, 2.8 ಮೀಟರ್ ಇದೆ, ತೂಕ 6 ಕಿಲೋ. ಮುಖ್ಯ ಹಾಯಿಯದು ಇನ್ನೊಂದು 4 ಕಿಲೋ. ಹಾಯಿ ಇಳಿಸುತ್ತಿದ್ದಂತೆಯೇ ಬೂಮ್‌ನ ಹಿಂತುದಿ ಧೊಪ್ಪೆಂದು ನಾವು ಕೂರುವ ಕಾಕ್‌ಪಿಟ್‌ಗೆ ಬೀಳುತ್ತದೆ. ಒಬ್ಬರು ಹೆಗಲು ಕೊಟ್ಟು ನಿಲ್ಲಬೇಕು, ಇನ್ನೊಬ್ಬರು ಹಾಯಿ ಏರಿಸಿ ಇಳಿಸುವ ಹಗ್ಗವಾದ ಹ್ಯಾಲ್ಯಾರ್ಡ್ ಬಿಡಬೇಕು. ಒಬ್ಬನೇ ಹೋದ ದಿನ ರೀಫ್ ಮಾಡಲು, ಅಂದರೆ ಗಾಳಿ ಜೋರಾದಾಗ ಹಾಯಿಯನ್ನು ಗಿಡ್ಡ ಮಾಡಲು, ಧೈರ್ಯವೇ ಬರುವುದಿಲ್ಲ. ದೋಣಿಯ ಜೊತೆ, ಹಾಯಿಗಂಬವನ್ನು ಹಿಂದಿನಿಂದ ಹಿಡಿದಿರುವ ಬ್ಯಾಕ್‌ಸ್ಟೇ ತಂತಿಗೆ ಕಚ್ಚಿದ ಗೇಣುದ್ದದ ತಂತಿ, ಅದರ ತುದಿಗೊಂದು ಕೊಕ್ಕೆ ಬಂದಿದೆ. ಅಷ್ಟೇ ಸಾಕು ಎನ್ನುವವರು ಇದ್ದಾರೆ, ಟಾಪಿಂಗ್ ಲಿಫ್ಟ್ ಹಾಕಿ ಎನ್ನುವವರು ಇದ್ದಾರೆ, ಹಾಯಿಗಂಬದ ಬುಡದಿಂದ ಓರೆಯಾಗಿ ನಿಂತು ಬೂಮನ್ನು ಎತ್ತಿ ಹಿಡಿಯುವ, ಗ್ಯಾಸ್ ತುಂಬಿದ ಗಟ್ಟಿ ವ್ಯಾಂಗ್ ತನ್ನಿ ಎನ್ನುವವರೂ ಇದ್ದಾರೆ. ಯಾವುದನ್ನು ಹಾಕಿಸಲಿ?

ಉತ್ತರ (ರಿಗ್ಗರ್, ಅಂದರೆ ಹಾಯಿದೋಣಿಯ ಹಗ್ಗ ತಂತಿಗಳನ್ನು ಕಟ್ಟಿಕೊಡುವವರು)

ಸಾಮಾನು ಆರಿಸುವ ಮೊದಲು ಒಂದು ಮಾತು. ಹಾಯಿ ಪೂರ್ತಿ ಏರಿದಾಗ ಬೂಮ್‌ಗೆ ಬೇರೆ ಆಸರೆ ಬೇಕಿಲ್ಲ, ಹಾಯಿಯ ಹಿಂದಂಚೇ ಅದನ್ನು ಎತ್ತಿ ಹಿಡಿದಿರುತ್ತದೆ. ದೋಣಿಯನ್ನು ಕಟ್ಟಿಹಾಕಿದಾಗ ಏನು ಬೇಕಾದರೂ ನಡೆಯುತ್ತದೆ. ಒಂದು ಕವೆಗೋಲು ಊರಿದರೂ ಸರಿ. ಕಷ್ಟವಿರುವುದು ನಡುವಿನ ಕೆಲವೇ ನಿಮಿಷಗಳಲ್ಲಿ: ಹಾಯಿ ಏರಿಸುವಾಗ, ಇಳಿಸುವಾಗ, ರೀಫ್ ಮಾಡುವಾಗ. ಆಗ ಬೂಮ್ ಕೆಳಗೆ ಬೀಳಬಾರದು, ಆದರೆ ಗಾಳಿ ತಳ್ಳಿದ ಕಡೆಗೆ ತಿರುಗುವ ಸ್ವಾತಂತ್ರ್ಯವೂ ಅದಕ್ಕಿರಬೇಕು. ಎರಡೂ ಒಟ್ಟಿಗೆ ಬೇಕು.

ಈ ಒರೆಗೆ ಹಚ್ಚಿದರೆ ನಿಮ್ಮ ಕೊಕ್ಕೆ ಮೊದಲ ಸುತ್ತಿನಲ್ಲೇ ಹೊರಗೆ. ಅದು ಬೂಮನ್ನು ದೋಣಿಯ ನಡುಗೆರೆಗೆ ಕಟ್ಟಿಹಾಕುತ್ತದೆ. ಅದನ್ನು ಬಿಚ್ಚದೆ ಹಾಯಿ ಏರಿಸಿ, ಗಾಳಿ ಪಕ್ಕದಿಂದ ಬೀಸಿತೆನ್ನಿ. ಬೂಮನ್ನು ಒಳಕ್ಕೆ ಎಳೆದಿಡುವ ಹಗ್ಗವಾದ ಮೇನ್‌ಶೀಟ್ ಎಷ್ಟು ಸಡಿಲಿಸಿದರೂ ಬೂಮ್ ಹೊರಗೆ ಹೋಗುವುದಿಲ್ಲ, ಹಾಯಿ ಗಾಳಿಯನ್ನು ಚೆಲ್ಲುವುದಿಲ್ಲ, ದೋಣಿ ವಾಲುತ್ತಲೇ ಹೋಗುತ್ತದೆ. ಆ ಹೊತ್ತಿನಲ್ಲಿ ಭಾರ ಬಿದ್ದು ಬಿಗಿದ ಕೊಕ್ಕೆಯನ್ನು ಒಂದು ಕೈಯಲ್ಲಿ ಬಿಚ್ಚುವುದು ಸುಲಭವಲ್ಲ. ದಡದಲ್ಲಿ ನಿಂತಾಗ, ಹಾಯಿ ಸುತ್ತಿಟ್ಟ ಮೇಲೆ ಬೂಮ್ ಓಲಾಡದಿರಲು ಅದನ್ನು ಧಾರಾಳವಾಗಿ ಬಳಸಿ. ಅದಕ್ಕಿಂತ ಹೆಚ್ಚಿನ ಕೆಲಸ ಅದಕ್ಕೆ ಕೊಡಬೇಡಿ.

ನಿಮ್ಮ ದೋಣಿಗೆ ನನ್ನ ಸಲಹೆ ಸರಳವಾದ, ಉದ್ದ ಹೊಂದಿಸಬಲ್ಲ ಟಾಪಿಂಗ್ ಲಿಫ್ಟ್. ಹಾಯಿಗಂಬದ ನೆತ್ತಿಯಿಂದ ಬೂಮ್‌ನ ಹಿಂತುದಿಗೆ ಇಳಿಯುವ ಒಂದು ಹಗ್ಗ, ಅಷ್ಟೇ. ಬೂಮ್ ಯಾವ ಕಡೆ ತಿರುಗಿದರೂ ಅದು ಜೊತೆಗೆ ಹೋಗುತ್ತದೆ.

ಒಬ್ಬ ಸದಸ್ಯರು

ಕ್ಷಮಿಸಿ, ನಾನು ಒಪ್ಪುವುದಿಲ್ಲ. ಗ್ಯಾಸ್ ವ್ಯಾಂಗ್ ಹಾಕಿಸಿದ ಮೇಲೆ ಟಾಪಿಂಗ್ ಲಿಫ್ಟ್ ಕಿತ್ತೆಸೆದಿದ್ದೇನೆ. ಹಾಯಿಗೆ ಹಗ್ಗ ಉಜ್ಜುವ ತಲೆನೋವೇ ಇಲ್ಲ. ಬೂಮ್ ತಾನಾಗಿ ನಿಲ್ಲುತ್ತದೆ. ಇಷ್ಟು ಅನುಕೂಲವಿರುವಾಗ ಹಳೆಯ ಹಗ್ಗಕ್ಕೇ ಏಕೆ ಜೋತು ಬೀಳಬೇಕು?

ರಿಗ್ಗರ್

ನಿಮ್ಮ ದೋಣಿ ಎಷ್ಟು ದೊಡ್ಡದು ಎಂದು ನೀವು ಬರೆದಿಲ್ಲ. ಒಂಬತ್ತು ಹತ್ತು ಮೀಟರ್ ದೋಣಿಯಾದರೆ ನನ್ನ ತಕರಾರಿಲ್ಲ. ಅಲ್ಲಿ ನಾನೇ ಹಾಕಿಕೊಡುತ್ತೇನೆ. ಸಣ್ಣ ದೋಣಿಯಲ್ಲಿ ಲೆಕ್ಕ ಬೇರೆ. ಒಮ್ಮೆ ಹಾಕಿಯೇ ನೋಡೋಣ.

ಪ್ರಶ್ನೆ ಕೇಳಿದವರ ಬೂಮ್ ಮತ್ತು ಹಾಯಿ ಸೇರಿ 10 ಕಿಲೋ. ಆ ಭಾರ ಬೂಮ್‌ನ ನಡುವಿನಲ್ಲಿದೆ ಎಂದುಕೊಳ್ಳಿ. ಹಿಂತುದಿಯಲ್ಲಿ ಎತ್ತಿ ಹಿಡಿಯಲು ಟಾಪಿಂಗ್ ಲಿಫ್ಟ್‌ಗೆ ಬೇಕಾದದ್ದು ಸುಮಾರು 5 ಕಿಲೋ ಬಲ. ಉಳಿದರ್ಧವನ್ನು ಬೂಮ್ ಹಾಯಿಗಂಬಕ್ಕೆ ಸೇರುವ ಕೀಲು, ಅಂದರೆ ಗೂಸ್‌ನೆಕ್, ಹೊರುತ್ತದೆ. ವ್ಯಾಂಗ್ ಬೂಮನ್ನು ಮುಟ್ಟುವುದು ಸಾಮಾನ್ಯವಾಗಿ ಹಾಯಿಗಂಬದಿಂದ ಕಾಲು ಭಾಗದಲ್ಲಿ, ಇಲ್ಲಿ 70 ಸೆಂಟಿಮೀಟರ್ ದೂರದಲ್ಲಿ. ಅಲ್ಲಿಂದ ಎತ್ತಲು 20 ಕಿಲೋ ಬೇಕು. ವ್ಯಾಂಗ್ ನೆಟ್ಟಗೆ ನಿಂತಿರುವುದಿಲ್ಲ, ಓರೆಯಾಗಿರುತ್ತದೆ. 45 ಡಿಗ್ರಿ ಕೋನವಿದ್ದರೆ ಅದು 28 ಕಿಲೋ ಬಲದಿಂದ ತಳ್ಳಬೇಕು. ಸಣ್ಣ ದೋಣಿಗಳಲ್ಲಿ ಬೂಮ್ ತಗ್ಗಿನಲ್ಲಿರುವುದರಿಂದ ಆ ಕೋನ ಎಷ್ಟೋ ಸಲ 30 ಡಿಗ್ರಿಗೆ ಇಳಿಯುತ್ತದೆ. ಆಗ 40 ಕಿಲೋ.

ಇಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ದೋಣಿ ಅಲುಗಾಡಿದಾಗ 70 ಕಿಲೋ ತೂಕದ ಮನುಷ್ಯ ಕೈಗೆ ಸಿಕ್ಕ ಬೂಮ್‌ನ ತುದಿಗೆ ಜೋತು ಬೀಳುತ್ತಾನೆ. ಬಿದ್ದೇ ಬೀಳುತ್ತಾನೆ. ಟಾಪಿಂಗ್ ಲಿಫ್ಟ್ ಇದ್ದರೆ ಹಗ್ಗಕ್ಕೆ ಹೆಚ್ಚೂಕಡಿಮೆ ಅಷ್ಟೇ ಭಾರ. ವ್ಯಾಂಗ್ ಮಾತ್ರ ಇದ್ದರೆ, 45 ಡಿಗ್ರಿಯಲ್ಲೂ ಸುಮಾರು 400 ಕಿಲೋ. ಸ್ಪ್ರಿಂಗ್ ಅಥವಾ ಗ್ಯಾಸ್ ಅಷ್ಟನ್ನು ತಾಳದೆ ಕುಗ್ಗುತ್ತದೆ, ಬೂಮ್ ಕೆಳಗೆ ಬರುತ್ತದೆ, ಮನುಷ್ಯನೂ ಬರುತ್ತಾನೆ. ವ್ಯಾಂಗ್ ಪೂರ್ತಿ ಕುಗ್ಗಿ ತಳ ಮುಟ್ಟಿದರೆ ಆಮೇಲಿನ ಪೆಟ್ಟು ತೆಳು ಗೋಡೆಯ ಬೂಮ್‌ಗೆ, ಅದರ ರಿವೆಟ್‌ಗಳಿಗೆ. ಗ್ಯಾಸ್ ವರ್ಷ ಕಳೆದಂತೆ ಸೋರಿ ಬಲ ಕಳೆದುಕೊಳ್ಳುವುದೂ ಉಂಟು. ಸ್ಪ್ರಿಂಗ್‌ಗೆ ಆ ಕಾಯಿಲೆಯಿಲ್ಲ.

ಗಟ್ಟಿ ವ್ಯಾಂಗೇ ಬೇಕೆನ್ನುವವರಿಗೆ ಸಣ್ಣ ದೋಣಿಯಲ್ಲಿ ಒಂದು ನಡುದಾರಿ ಇದೆ: ಬೂಮನ್ನು ಕೆಳಕ್ಕೆ ಎಳೆದಿಡುವ ಈಗಿನ ಹಗ್ಗದ ವ್ಯಾಂಗ್ ಹಾಗೇ ಇರಲಿ, ಅದರ ಜೊತೆ ಬಾಗಿ ಎತ್ತಿ ಹಿಡಿಯುವ ಫೈಬರ್‌ಗ್ಲಾಸ್ ಕಡ್ಡಿಗಳನ್ನು ಹಾಕಿಸಿ. ಹಗುರ, ಸೋರುವಂಥದ್ದೇನೂ ಇಲ್ಲ. ಆದರೆ ಅದೂ ಬೂಮ್ ಮತ್ತು ಹಾಯಿಯ ತೂಕಕ್ಕೆ ಮಾತ್ರ, ಮನುಷ್ಯನ ತೂಕಕ್ಕಲ್ಲ.

ಪ್ರಶ್ನೆ ಕೇಳಿದವರು

ಲೆಕ್ಕ ಅರ್ಥವಾಯಿತು ಸರ್. ಆದರೆ ಅವರು ಹೇಳಿದ ಉಜ್ಜಾಟದ ವಿಷಯ? ಪಕ್ಕದ ದೋಣಿಯವರ ಹಾಯಿಯಲ್ಲಿ ಹಿಂದಂಚಿನ ಹೊಲಿಗೆ ಪೂರ್ತಿ ಎದ್ದುಹೋಗಿದೆ. ಟಾಪಿಂಗ್ ಲಿಫ್ಟೇ ಕಾರಣವೆಂದು ಅವರು ಹೇಳುತ್ತಾರೆ.

ರಿಗ್ಗರ್

ಅವರದು ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ತಂತಿಯೇ ಎಂದು ಕೇಳಿ ನೋಡಿ. ಆ ಹೊದಿಕೆ ಬಿಸಿಲಿಗೆ ಬಿರುಕು ಬಿಡುತ್ತದೆ, ಒಳಗೆ ನೀರು ನಿಲ್ಲುತ್ತದೆ, ತಂತಿಯ ಎಳೆಗಳು ಒಂದೊಂದಾಗಿ ತುಂಡಾಗಿ ಮುಳ್ಳಿನಂತೆ ಹೊರಗೆ ಚಾಚುತ್ತವೆ. ಹೊಲಿಗೆಗೆ ಅದಕ್ಕಿಂತ ಕೆಟ್ಟ ಶತ್ರು ಇಲ್ಲ. ನಿಮಗೆ 5 ಮಿಲಿಮೀಟರ್ ಪಾಲಿಯೆಸ್ಟರ್ ಹೆಣೆದ ಹಗ್ಗ ಸಾಕು, ಕೈಗೆ ಹಿಡಿತ ಬೇಕೆಂದರೆ 6. ನೈಲಾನ್ ಬೇಡ, ಹಿಗ್ಗುತ್ತದೆ.

ಮೆತ್ತನೆಯ ಹಗ್ಗವೂ ಹಾಯಿ ಏರಿದ ಮೇಲೆ ಸಡಿಲವಾಗಿ ತೂಗಾಡಿ ಹಿಂದಂಚಿಗೆ ಬಡಿಯುತ್ತದೆ, ನಿಜ. ಹಾಗೆಂದು ಅದನ್ನು ಬಿಗಿಯಾಗಿಯೇ ಬಿಟ್ಟರೆ ಬೂಮ್‌ನ ಭಾರ ಹಾಯಿಗೆ ಬರುವ ಬದಲು ಹಗ್ಗದಲ್ಲೇ ಉಳಿಯುತ್ತದೆ, ಹಿಂದಂಚು ಸಡಿಲಗೊಂಡು ಹಾಯಿ ಆಕಾರ ಕೆಡಿಸಿಕೊಳ್ಳುತ್ತದೆ. ಮದ್ದು ಬಹಳ ಅಗ್ಗದ್ದು. ಹಗ್ಗದ ಕೆಳಗಿನ ಒಂದು ಮೀಟರ್ ಭಾಗಕ್ಕೆ 60 ಸೆಂಟಿಮೀಟರ್‌ನಷ್ಟು ಎಲಾಸ್ಟಿಕ್ ಹಗ್ಗವನ್ನು ಎರಡೂ ತುದಿಗಳಲ್ಲಿ ಕಟ್ಟಿ. ಭಾರವಿಲ್ಲದಾಗ ಎಲಾಸ್ಟಿಕ್ ಕುಗ್ಗಿ ಸಡಿಲವನ್ನು ತಾನೇ ಎಳೆದುಕೊಳ್ಳುತ್ತದೆ. ಭಾರ ಬಿದ್ದಾಗ ಹಿಗ್ಗಿ ಜಾಗ ಬಿಡುತ್ತದೆ, ಹಗ್ಗ ಹೊರುತ್ತದೆ. ಎಲಾಸ್ಟಿಕ್ ಬೇಗ ಸಾಯುತ್ತದೆ. ಸತ್ತಾಗ ಬದಲಿಸಿ.

ಹಗ್ಗದ ಮೇಲ್ತುದಿಯನ್ನು ನೆತ್ತಿಯ ಹಿಂಬದಿಗೆ, ಹ್ಯಾಲ್ಯಾರ್ಡ್‌ಗೆ ಸಿಕ್ಕದ ಹಾಗೆ, ಶ್ಯಾಕಲ್ (ಪಿನ್ ಹಾಕಿ ಮುಚ್ಚುವ ಲೋಹದ ಕೊಂಡಿ) ಹಾಕಿ ಖಾಯಂ ಆಗಿ ಕಟ್ಟಿ. ಶ್ಯಾಕಲ್‌ನ ಪಿನ್ ತಾನಾಗಿ ಬಿಚ್ಚಿಕೊಳ್ಳದಂತೆ ತಂತಿ ಸುತ್ತುವುದನ್ನು ಮರೆಯಬೇಡಿ. ಆ ಎತ್ತರದಲ್ಲಿ ಬಿಚ್ಚಿಕೊಂಡರೆ ಮತ್ತೆ ಹಾಯಿಗಂಬ ಮಲಗಿಸಬೇಕಾಗುತ್ತದೆ. ಕೆಳತುದಿ ಬೂಮ್‌ನ ಹಿಂತುದಿಯ ಸಣ್ಣ ರಾಟೆಯ ಮೂಲಕ ಹಾದು ಬೂಮ್‌ನ ಪಕ್ಕದಲ್ಲೇ ಮುಂದಕ್ಕೆ ಬಂದು, ಹಗ್ಗವನ್ನು ಬಿಗಿದು ನಿಲ್ಲಿಸುವ ಕ್ಲೀಟ್‌ಗೆ ಸೇರಲಿ. ಕ್ಲೀಟ್ ಬೂಮ್‌ನ ಮುಂದಿನ ಅರ್ಧದಲ್ಲಿರಬೇಕು. ಅನೇಕರು ಅದನ್ನು ಹಿಂತುದಿಯಲ್ಲೇ ಬಡಿಯುತ್ತಾರೆ. ಬೂಮ್ ನೀರಿನ ಮೇಲೆ ಹೊರಚಾಚಿದಾಗ ಅದು ಯಾರ ಕೈಗೂ ಎಟುಕುವುದಿಲ್ಲ. ಹಲ್ಲಿನ ಕ್ಲೀಟ್‌ಗಿಂತ ಎರಡು ಕೊಂಬಿನ ಹಳೆಯ ಕ್ಲೀಟ್ ನನಗೆ ಇಷ್ಟ. ಪಟಪಟ ಬಡಿಯುವ ಹಾಯಿ ತಗುಲಿದರೂ ಹಗ್ಗ ಎಗರಿ ಹೋಗುವುದಿಲ್ಲ.

ಇನ್ನೊಬ್ಬ ಸದಸ್ಯೆ

ಹಾಯಿ ಇಳಿಸಿದ ಮೇಲೆ ಮುಖ್ಯ ಹ್ಯಾಲ್ಯಾರ್ಡನ್ನೇ ಬೂಮ್ ತುದಿಗೆ ಸಿಕ್ಕಿಸುತ್ತೇನೆ. ಬೇರೆ ಹಗ್ಗವೇ ಬೇಕಾಗಿಲ್ಲ. ಇದರಲ್ಲಿ ತಪ್ಪಿದೆಯೇ? ಮತ್ತೆ, ಹಾಯಿಯನ್ನು ಬೂಮ್ ಮೇಲೆಯೇ ಹಿಡಿದಿಡುವ ಲೇಜಿ ಜ್ಯಾಕ್ ಹಗ್ಗಗಳು ಇದ್ದರೆ ಅವು ಬೂಮನ್ನೂ ಹೊರುವುದಿಲ್ಲವೇ?

ರಿಗ್ಗರ್

ತಪ್ಪಿಲ್ಲ ಮೇಡಂ. ದೋಣಿ ಕಟ್ಟಿದ ಮೇಲೆ ಅದು ಒಳ್ಳೆಯ ಆಸರೆಯೇ. ಆದರೆ ನೀವೇ ಬರೆದಿದ್ದೀರಿ, ‘ಇಳಿಸಿದ ಮೇಲೆ’ ಎಂದು. ಇಳಿಸುವಾಗ ಹ್ಯಾಲ್ಯಾರ್ಡ್ ಹಾಯಿಯ ತಲೆಯಲ್ಲಿರುತ್ತದೆ, ರೀಫ್ ಮಾಡುವಾಗಲೂ ಅಲ್ಲೇ. ಬೂಮ್ ಎರಡು ಮೂರು ಕಿಲೋ ಇರುವ ಪುಟ್ಟ ದೋಣಿಯಾದರೆ ಅದು ಕಾಕ್‌ಪಿಟ್‌ಗೆ ಇಳಿದರೆ ಇಳಿಯಲಿ ಬಿಡಿ. ಲೇಸರ್, ಆಪ್ಟಿಮಿಸ್ಟ್ ದೋಣಿಗಳಲ್ಲಿ ಟಾಪಿಂಗ್ ಲಿಫ್ಟ್ ಇರುವುದೇ ಇಲ್ಲ, ಯಾರೂ ಅದಕ್ಕಾಗಿ ಅತ್ತಿಲ್ಲ.

ಲೇಜಿ ಜ್ಯಾಕ್ ಮಡಿಕೆ ಬೀಳುವ ಬಟ್ಟೆಯನ್ನು ಹಿಡಿಯಲು ಇರುವಂಥದ್ದು. ಅದರ ಪುಟ್ಟ ಕಣ್ಣುಗಳ ಮೇಲೆ ಬೂಮ್‌ನ ಭಾರ ಹೇರಬೇಡಿ. ಹಾಯಿ ಏರಿಸುವಾಗ ಅದಕ್ಕೆ, ಹಾಯಿಯ ಆಕಾರ ಹಿಡಿದಿಡುವ ಕಡ್ಡಿಪಟ್ಟಿಗಳು ಸಿಕ್ಕಿಕೊಳ್ಳುವ ಕಾಟ ಬೇರೆ.

ಪ್ರಶ್ನೆ ಕೇಳಿದವರು

ಕೊನೆಯದಾಗಿ ಎರಡು ಪ್ರಶ್ನೆ. ಹಗ್ಗದ ಉದ್ದ ಎಷ್ಟಿರಬೇಕು? ಒಬ್ಬನೇ ಇದ್ದಾಗ ರೀಫ್ ಮಾಡುವ ಕ್ರಮ ಯಾವುದು? ಗಾಬರಿಯಲ್ಲಿ ಹಗ್ಗವನ್ನು ಪೂರ್ತಿ ಬಿಟ್ಟುಬಿಟ್ಟರೆ ಬೂಮ್ ನೇರವಾಗಿ ಮಗಳ ತಲೆಯ ಮೇಲೆ ಎಂಬ ಹೆದರಿಕೆ ನನ್ನ ಹೆಂಡತಿಗೆ.

ರಿಗ್ಗರ್

ಅವರ ಹೆದರಿಕೆ ನ್ಯಾಯವಾದದ್ದೇ, ಅದಕ್ಕೆ ಉಪಾಯವೂ ಇದೆ. ಗಾಳಿ ಕಡಿಮೆ ಇರುವ ದಿನ, ದೋಣಿಯ ಮೂತಿ ಗಾಳಿಗೆ ಮುಖ ಮಾಡಿ ನಿಂತಿರುವಾಗ ಹಾಯಿಯನ್ನು ಪೂರ್ತಿ ಏರಿಸಿ, ಹ್ಯಾಲ್ಯಾರ್ಡ್ ಬಿಗಿದು, ಮೇನ್‌ಶೀಟನ್ನೂ ಗಟ್ಟಿಯಾಗಿ ಎಳೆಯಿರಿ. ಬೂಮ್ ಇದಕ್ಕಿಂತ ಕೆಳಗೆ ಬರುವ ಅಗತ್ಯ ಎಂದೂ ಇಲ್ಲ. ಈಗ ಟಾಪಿಂಗ್ ಲಿಫ್ಟನ್ನು ಸ್ವಲ್ಪ ಜೋಲು ಬೀಳುವವರೆಗೆ ಬಿಡಿ, ಅದರ ಮೇಲೆ ಅಂಗೈ ಅಗಲದಷ್ಟು ಇನ್ನೂ ಬಿಡಿ. ಹಗ್ಗ ರಾಟೆಯನ್ನು ದಾಟಿ ಮುಂದೆ ಬರುವ ಜಾಗದಲ್ಲಿ, ರಾಟೆಗೆ ತಾಗಿದ ಹಾಗೆ, ಒಳಗೆ ನುಸುಳದಷ್ಟು ದಪ್ಪನೆಯ ಎಂಟರಾಕಾರದ ಗಂಟು ಹಾಕಿ. ಇನ್ನು ಕ್ಲೀಟ್‌ನಿಂದ ಯಾರು ಹೇಗೆ ಬಿಟ್ಟರೂ ಬೂಮ್ ಹಾಯಿಯಾನದ ಎತ್ತರಕ್ಕಿಂತ ಒಂದು ಅಂಗೈಯಷ್ಟು ಮಾತ್ರ ಕೆಳಗೆ ಬರುತ್ತದೆ. ಆ ಎತ್ತರದಲ್ಲಿ ಕುಳಿತ ಮಗುವಿನ ತಲೆಗೆ ತಾಗದೆಂದು ಅಲ್ಲಿಯೇ ಕೂರಿಸಿ ನೋಡಿಕೊಳ್ಳಿ. ಎಲಾಸ್ಟಿಕ್ ಕಟ್ಟುವುದು ಈ ಅಳತೆ ಆದ ಮೇಲೆ. ಕ್ಲೀಟ್‌ನಿಂದ ಆಚೆಗೆ ಅರ್ಧ ಮಾರು ಹೆಚ್ಚುವರಿ ಹಗ್ಗ ಉಳಿಸಿಕೊಳ್ಳಿ.

ರೀಫ್ ಮಾಡುವ ಕ್ರಮ ಹೀಗೆ. ಮೊದಲು ಟಾಪಿಂಗ್ ಲಿಫ್ಟ್ ಎಳೆದು ಬಿಗಿಯಿರಿ. ಆಮೇಲೆಯೇ ಮೇನ್‌ಶೀಟ್ ಮತ್ತು ವ್ಯಾಂಗ್ ಸಡಿಲಿಸಿ. ಹ್ಯಾಲ್ಯಾರ್ಡ್ ಇಳಿಸಿ ಹಾಯಿಯ ಮುಂದಂಚಿನ ರೀಫ್ ಕಣ್ಣನ್ನು ಗೂಸ್‌ನೆಕ್ ಬಳಿಯ ಕೊಕ್ಕೆಗೆ ಹಾಕಿ, ಮತ್ತೆ ಹ್ಯಾಲ್ಯಾರ್ಡ್ ಬಿಗಿಯಿರಿ. ಈಗ ಹಿಂದಂಚಿನ ರೀಫ್ ಹಗ್ಗವನ್ನು ಎಳೆಯಿರಿ. ಬೂಮ್ ಮೊದಲೇ ಎತ್ತಿರುವುದರಿಂದ ಅದು ಹಗುರವಾಗಿ ಬರುತ್ತದೆ, ಎಳೆಯಲು ಕಷ್ಟಪಡುವವರಲ್ಲಿ ಹೆಚ್ಚಿನವರು ಮೊದಲ ಹೆಜ್ಜೆಯನ್ನೇ ಬಿಟ್ಟಿರುತ್ತಾರೆ. ನಂತರ ಟಾಪಿಂಗ್ ಲಿಫ್ಟ್ ಸಡಿಲಿಸಿ, ಕೊನೆಗೆ ವ್ಯಾಂಗ್ ಮತ್ತು ಶೀಟ್. ದಡದಲ್ಲಿ ಕಟ್ಟಿದಾಗಲೂ ಟಾಪಿಂಗ್ ಲಿಫ್ಟ್ ಮೇಲಕ್ಕೆ, ಮೇನ್‌ಶೀಟ್ ಕೆಳಕ್ಕೆ ಎಳೆದು ಬಿಗಿದಿಟ್ಟರೆ ಬೂಮ್ ಹೆಚ್ಚು ಓಲಾಡುವುದಿಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ಹಾಯಿಗಂಬ ಹೇಗೂ ಮುಂದಿನ ವಾರ ಮಲಗಿಸುವವನಿದ್ದೆ, ಆಗಲೇ ಮೇಲಿನ ಶ್ಯಾಕಲ್ ಹಾಕುತ್ತೇನೆ. ಬ್ಯಾಕ್‌ಸ್ಟೇಯ ಕೊಕ್ಕೆ ತೆಗೆದುಬಿಡಲೇ?

ರಿಗ್ಗರ್

ಇರಲಿ ಬಿಡಿ, ರಾತ್ರಿ ದೋಣಿ ಕಟ್ಟಿದಾಗ ಬೇಕಾಗುತ್ತದೆ. ದೂರದಿಂದಲೂ ಕಣ್ಣಿಗೆ ಬೀಳುವ ಕೆಂಪು ಪಟ್ಟಿಯೊಂದನ್ನು ಅದಕ್ಕೆ ಕಟ್ಟಿ. ಹ್ಯಾಲ್ಯಾರ್ಡ್‌ಗೆ ಕೈ ಹಾಕುವ ಮೊದಲು ಆ ಪಟ್ಟಿ ಬೂಮ್‌ನ ಹತ್ತಿರ ಕಂಡರೆ, ಕೊಕ್ಕೆ ಇನ್ನೂ ಬಿಚ್ಚಿಲ್ಲ ಎಂದರ್ಥ.