ಮಾಸ್ಕೋದಿಂದ ಪೀಟರ್ಸ್‌ಬರ್ಗ್‌ಗೆ ಹಡಗಿನಲ್ಲಿ: ಗೈಡ್ ಟೂರ್‌ಗಳ ಬಗ್ಗೆ ಹೋಗಿ ಬಂದವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ:

ನಮಸ್ಕಾರ. ಬರುವ ಜುಲೈನಲ್ಲಿ ಅಪ್ಪ ಅಮ್ಮನ ಜೊತೆ ರಷ್ಯಾಕ್ಕೆ ಹೋಗುತ್ತಿದ್ದೇನೆ. ಮಾಸ್ಕೋದಲ್ಲಿ ಹಡಗು ಹತ್ತಿ, ನದಿ ಮೇಲೆ ಹತ್ತು ರಾತ್ರಿ ಕಳೆದು, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇಳಿಯುವುದು. ಅಪ್ಪನಿಗೆ 71, ಅಮ್ಮನಿಗೆ ಮಂಡಿ ನೋವು, ಇಬ್ಬರೂ ಮೊಟ್ಟೆ ಸಹ ಮುಟ್ಟುವುದಿಲ್ಲ. ಪ್ರತಿ ಊರಿನಲ್ಲೂ ಗೈಡ್ ಜೊತೆ ಟೂರ್ ಇದೆ, ಕೆಲವು ಟಿಕೆಟ್‌ನಲ್ಲೇ ಸೇರಿವೆ, ಕೆಲವಕ್ಕೆ ಬೇರೆ ದುಡ್ಡು. ಎಲ್ಲಾ ತಗೊಳ್ಳಬೇಕಾ? ಏನು ಜಾಗ್ರತೆ ಬೇಕು?

ಮೈಸೂರಿನವರ ಉತ್ತರ:

ನಾವು ಹೋದ ಬೇಸಿಗೆಯಲ್ಲಿ ಇದೇ ದಾರಿಯಲ್ಲಿ ಹೋಗಿ ಬಂದೆವು. ಅತ್ತೆ ಮಾವ ಜೊತೆಗಿದ್ದರು. ಎಲ್ಲಾ ಟೂರ್ ತಗೊಳ್ಳಬೇಡಿ ಸರ್. ನಾವು ತಗೊಂಡೆವು. ದುಡ್ಡು ಕೊಟ್ಟಾಗಿದೆ ಅಲ್ವಾ ಅಂತ ದಿನಾ ಏಳಕ್ಕೆ ತಿಂಡಿ, ಎಂಟಕ್ಕೆ ಬಸ್ಸು. ಐದನೇ ದಿನ ಮಾವ "ನೀವು ಹೋಗಿ ಬನ್ನಿ, ನಾನು ಇಲ್ಲೇ ನೀರು ನೋಡ್ಕೊಂಡು ಕೂತಿರ್ತೀನಿ" ಅಂದುಬಿಟ್ಟರು. ಅವರು ನೀರಾವರಿ ಇಲಾಖೆಯಲ್ಲಿ ಇದ್ದವರು. ದಾರಿಯಲ್ಲಿ ಲಾಕ್‌ಗಳು ಬರುತ್ತವೆ, ಹಡಗನ್ನು ದೊಡ್ಡ ತೊಟ್ಟಿಯಂಥದ್ದರೊಳಗೆ ಬಿಟ್ಟು ಗೇಟು ಮುಚ್ಚಿ ನೀರು ಏರಿಸುವುದು ಇಳಿಸುವುದು ಮಾಡುತ್ತಾರೆ. ಅದನ್ನು ನೋಡಲು ಸ್ವೆಟರ್ ಹಾಕಿಕೊಂಡು ಡೆಕ್ ಮೇಲೆ ನಿಂತವರನ್ನು ಊಟಕ್ಕೆ ಕರೆದರೂ ಬರಲಿಲ್ಲ. ಅರಮನೆಗಳಲ್ಲಿ ಅವರ ಮುಖದಲ್ಲಿ ಆ ಖುಷಿ ನಾನು ಕಾಣಲಿಲ್ಲ.

ಬಿಡಬಾರದ್ದು ಅಂದರೆ ನನ್ನ ಲೆಕ್ಕದಲ್ಲಿ ಕೀಝಿ ದ್ವೀಪ, ಪೀಟರ್‌ಹಾಫ್ ಅರಮನೆಯ ತೋಟ, ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಮ್ಯೂಸಿಯಂ. ಕೀಝಿಯಲ್ಲಿ ಪೂರಾ ಮರದ ಚರ್ಚ್ ಇದೆ, 1714ರದ್ದು, 22 ಗುಮ್ಮಟ. ಒಂದೂ ಮೊಳೆ ಹೊಡೆದಿಲ್ಲ ಅಂತ ಗೈಡ್‌ಗಳು ಹೇಳುತ್ತಾರೆ, ಸುಮ್ನೆ ತಲೆಯಾಡಿಸಿ, ಗುಮ್ಮಟದ ಮೇಲಿನ ಮರದ ಚಿಪ್ಪುಗಳಿಗೆ ಮೊಳೆ ಇದೆ. ಅಲ್ಲಿ ಗಾಳಿ ಜಾಸ್ತಿ, ಗಾಳಿ ನಿಂತರೆ ಸೊಳ್ಳೆ. ಕಿವಿ ಮುಚ್ಚುವ ಟೋಪಿ ಒಂದಿರಲಿ.

ಪೀಟರ್‌ಹಾಫ್‌ಗೆ ಬಸ್ಸಲ್ಲಿ ಹೋದರೆ ಮೇಲಿನ ತೋಟದ ಕಡೆ ಬಿಡುತ್ತಾರೆ, ಕಾರಂಜಿ ಇರುವುದು ಕೆಳಗೆ, ಮೆಟ್ಟಿಲು ಇಳಿಯಬೇಕು. ನೆವಾ ನದಿಯಿಂದ ಹೊರಡುವ 'ಮೆಟಿಯೋರ್' ದೋಣಿಯಲ್ಲಿ ಹೋದರೆ ಸುಮಾರು ಮುಕ್ಕಾಲು ಗಂಟೆಯಲ್ಲಿ ಕೆಳಗಿನ ತೋಟಕ್ಕೇ ತಲುಪುತ್ತೀರಿ, ಕಾಲುವೆ ಪಕ್ಕ ಸಮತಟ್ಟಾದ ದಾರಿ. ಅಮ್ಮನ ಮಂಡಿಗೆ ಇದೇ ಸರಿ. ಬೆಳಿಗ್ಗೆ 11ಕ್ಕೆ ಸಂಗೀತ ಹಾಕಿ ದೊಡ್ಡ ಕಾರಂಜಿ ಬಿಡುತ್ತಾರೆ, ಅದಕ್ಕಿಂತ ಹತ್ತಿಪ್ಪತ್ತು ನಿಮಿಷ ಮೊದಲೇ ಜಾಗ ಹಿಡಿಯಿರಿ. ಈ ಕಾರಂಜಿಗಳಿಗೆ ಪಂಪ್ ಇಲ್ಲ. ರೋಪ್ಷಾ ಅನ್ನುವ ಎತ್ತರದ ಜಾಗದಿಂದ ಕಾಲುವೆಯಲ್ಲಿ ನೀರು ತಾನಾಗಿ ಇಳಿದು ಬಂದು ಚಿಮ್ಮುತ್ತದೆ, ಸುಮಾರು 300 ವರ್ಷದಿಂದ. ಮಾವ ಗೈಡ್‌ಗೆ ಎಷ್ಟು ಪ್ರಶ್ನೆ ಕೇಳಿದರು ಅಂದರೆ ಆಕೆ ಕೊನೆಗೆ "ನೀವು ಎಂಜಿನಿಯರ್ರಾ?" ಅಂತ ಕೇಳಿದಳು.

ಇದನ್ನು ನೋಡಿದ ಮೇಲೆ ಪುಷ್ಕಿನ್ ಊರಿನ ಕ್ಯಾಥರೀನ್ ಅರಮನೆ ಬಿಟ್ಟರೂ ನಡೆಯುತ್ತದೆ. ಗೋಡೆಗೆಲ್ಲಾ ಅಂಬರ್ ಅನ್ನುವ ಹಳದಿ ರಾಳದ ಕಲ್ಲು ಹೊದಿಸಿದ ಅಂಬರ್ ಕೋಣೆ ಅಲ್ಲಿದೆ, ಚೆನ್ನಾಗಿದೆ, ಆದರೆ 1941ರಲ್ಲಿ ನಾಜಿಗಳು ಮೂಲದ್ದನ್ನು ದೋಚಿಕೊಂಡು ಹೋದ ಮೇಲೆ ಹೊಸದಾಗಿ ಮಾಡಿ 2003ರಲ್ಲಿ ತೆರೆದದ್ದು. ಒಳಗೆ ಚಪ್ಪಲಿ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ನಯವಾದ ನೆಲದ ಮೇಲೆ ನಡೆಯಬೇಕು, ವಯಸ್ಸಾದವರು ಜಾರುತ್ತಾರೆ, ಕೈ ಹಿಡಿದುಕೊಳ್ಳಿ.

ಹರ್ಮಿಟೇಜ್ ಸೋಮವಾರ ರಜೆ, ಮಾಸ್ಕೋದ ಕ್ರೆಮ್ಲಿನ್ ಕೋಟೆ ಗುರುವಾರ ರಜೆ. ನಿಮ್ಮ ದಿನಗಳನ್ನು ಈಗಲೇ ತಾಳೆ ನೋಡಿ. ಹರ್ಮಿಟೇಜ್‌ನಲ್ಲಿ ಗೈಡ್ ಮೈಕಲ್ಲಿ ಮಾತಾಡುತ್ತಾರೆ, ನಮ್ಮ ಕಿವಿಗೆ ಪುಟ್ಟ ಯಂತ್ರ ಕೊಟ್ಟಿರುತ್ತಾರೆ. ಅತ್ತೆ ಒಂದು ಚಿತ್ರದ ಮುಂದೆ ಎರಡು ನಿಮಿಷ ಜಾಸ್ತಿ ನಿಂತರು. ಕಿವಿಯಲ್ಲಿ ಕರಕರ ಅಂತ ಸದ್ದು, ಆಮೇಲೆ ಅದೂ ಇಲ್ಲ. ತಿರುಗಿ ನೋಡಿದರೆ ನಮ್ಮ ಗುಂಪೇ ಮಾಯ. ಕರಕರ ಶುರುವಾಯಿತು ಅಂದರೆ ದೂರ ಆಗಿದ್ದೀರಿ ಅಂತ ಅರ್ಥ, ಆಗಲೇ ಹೆಜ್ಜೆ ಹಾಕಿ. ನಾವು ಪುಣ್ಯಕ್ಕೆ ಮೊದಲೇ ಮಾತಾಡಿಕೊಂಡಿದ್ದೆವು, ತಪ್ಪಿಸಿಕೊಂಡರೆ ಬಿಳಿ ಅಮೃತಶಿಲೆಯ ಜೋರ್ಡನ್ ಮೆಟ್ಟಿಲ ಬುಡಕ್ಕೆ ಬಂದು ನಿಲ್ಲುವುದು ಅಂತ. ಇಪ್ಪತ್ತು ನಿಮಿಷ ನಿಂತಿದ್ದರಂತೆ. ಫೋನ್ ಬಳಕೆಗೆ ಬರಲಿಲ್ಲ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ದಡದಲ್ಲಿ ಜಾಗ ಸಾಲದೆ ಹಡಗುಗಳನ್ನು ಒಂದರ ಪಕ್ಕ ಒಂದು ನಿಲ್ಲಿಸುತ್ತಾರೆ. ನಿಮ್ಮದು ಮೂರನೆಯದಾದರೆ ಇನ್ನೆರಡು ಹಡಗಿನ ಒಳಗಿಂದಲೇ ದಾಟಿ ಹೋಗಬೇಕು. ಎಲ್ಲಾ ಒಂದೇ ಥರ, ಅದೇ ಕಾರ್ಪೆಟ್, ಅದೇ ರಿಸೆಪ್ಷನ್. ನಾನೇ ಒಂದು ಸಲ ಪಕ್ಕದ ಹಡಗಿನಲ್ಲಿ ನಮ್ಮ ರೂಮಿನ ನಂಬರ್ ಹುಡುಕಿ ಬಾಗಿಲು ತಟ್ಟಿದೆ, ಯಾರೋ ತಾತ ಬನಿಯನ್‌ನಲ್ಲಿ ಬಾಗಿಲು ತೆಗೆದರು. ಹಡಗಿನ ಹೆಸರನ್ನು ರಷ್ಯನ್ ಅಕ್ಷರದಲ್ಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಹುಬ್ಬಳ್ಳಿಯವರು:

ನಾನು ಹೋಗಿದ್ದು 2018ರಲ್ಲಿ, ಬಾಲ್ಟಿಕ್ ಸಮುದ್ರದ ದೊಡ್ಡ ಹಡಗಿನಲ್ಲಿ. ಆಗ ಟೂರ್ ಕಂಪನಿ ಜೊತೆ ಇಳಿದರೆ 72 ಗಂಟೆ ವೀಸಾ ಬೇಕಿರಲಿಲ್ಲ, ಆದರೆ ಗೈಡ್ ಬಿಟ್ಟು ಒಬ್ಬರೇ ಸುತ್ತುವ ಹಾಗಿರಲಿಲ್ಲ. 2022ರಿಂದ ಆ ದೊಡ್ಡ ಕಂಪನಿಗಳ ಹಡಗುಗಳು ಪೀಟರ್ಸ್‌ಬರ್ಗ್‌ಗೆ ಹೋಗುವುದನ್ನೇ ನಿಲ್ಲಿಸಿವೆ, ಹಳೇ ಸಲಹೆ ಓದಿ ವೀಸಾ ಬೇಡ ಅಂದುಕೊಳ್ಳಬೇಡಿ. ನಿಮಗೆ ಬೇಕು. ನಮಗೆ ಇ-ವೀಸಾ ಸಿಗುತ್ತದೆ, ಆದರೆ ಅದರಲ್ಲಿ ಪಟ್ಟಿಯಲ್ಲಿರುವ ವಿಮಾನ ನಿಲ್ದಾಣ, ಬಂದರು, ಗಡಿ ಠಾಣೆಗಳಿಂದ ಮಾತ್ರ ಒಳಗೆ ಹೊರಗೆ ಹೋಗಬಹುದು. ಒಳಗೆ ಬರುವಾಗ ಕೊಡುವ ಮೈಗ್ರೇಷನ್ ಕಾರ್ಡ್ ಒಂದು ತೆಳು ಚೀಟಿ ಅಷ್ಟೇ, ಬಸ್ ಟಿಕೆಟ್ ಥರ ಎಸೆದುಬಿಟ್ಟೀರಿ. ವಾಪಸ್ ಹೊರಡುವಾಗ ಅದನ್ನು ಕೇಳುತ್ತಾರೆ.

ಮುಖ್ಯವಾದ್ದು, ಗೈಡ್ ಯಾವ ಭಾಷೆ ಅಂತ ಬರಹದಲ್ಲಿ ಕೇಳಿ. ಈಗ ನದಿ ಹಡಗುಗಳಲ್ಲಿ ಅಲ್ಲಿನವರೇ ಜಾಸ್ತಿ, ಇಂಗ್ಲಿಷ್ ಗುಂಪು ಆಗದಿದ್ದರೆ ರಷ್ಯನ್ ಗುಂಪಿಗೆ ಸೇರಿಸುತ್ತಾರೆ. ನನ್ನ ಷಡ್ಡಕನಿಗೆ ಹಾಗೇ ಆಯಿತು, ಮೂರು ಗಂಟೆ ಸುಮ್ನೆ ತಲೆಯಾಡಿಸಿಕೊಂಡು ಬಂದ.

ಕಲಬುರಗಿಯ ಡಾಕ್ಟರ್ ಒಬ್ಬರು:

ಅಣ್ಣ, ನಾನು ಎಂಬಿಬಿಎಸ್ ಓದಿದ್ದೇ ರಷ್ಯಾದಲ್ಲಿ. ಊಟದ ಬಗ್ಗೆ ಹೇಳುತ್ತೇನೆ. 'ವೆಜಿಟೇರಿಯನ್' ಅಂದರೆ ಮೀನು ತಂದಿಡುತ್ತಾರೆ, ಅವರ ಪ್ರಕಾರ ಅದು ಮಾಂಸ ಅಲ್ಲ. 'ಬೆಜ್ ಮ್ಯಾಸ, ಬೆಜ್ ರೀಬಿ, ಬೆಜ್ ಯಾಯಿತ್ಸ್' ಅನ್ನಿ, ಮಾಂಸ ಬೇಡ ಮೀನು ಬೇಡ ಮೊಟ್ಟೆ ಬೇಡ ಅಂತ. ಚೀಟಿಯಲ್ಲಿ ಬರೆಸಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಬೋರ್ಶ್ ಸೂಪ್ ಕೆಂಪಗೆ ಬೀಟ್ರೂಟ್ ಸಾರಿನ ಹಾಗೆ ಕಾಣುತ್ತೆ, ಒಳಗೆ ದನದ ಮಾಂಸದ ರಸ. ಬ್ಲಿನಿ ನಮ್ಮ ದೋಸೆ ಥರ, ಆದರೆ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ಧೈರ್ಯವಾಗಿ ತಿನ್ನಬಹುದಾದ್ದು ಗ್ರೆಚ್ಕಾ ಅನ್ನುವ ಧಾನ್ಯದ ಅನ್ನ, ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಕೆಫೀರ್. ಕೆಫೀರ್ ಅಂದರೆ ಹುಳಿ ಮಜ್ಜಿಗೆ ಅಂದುಕೊಳ್ಳಿ, ಗ್ರೆಚ್ಕಾಕ್ಕೆ ಕಲಸಿ ಉಪ್ಪಿನಕಾಯಿ ಹಚ್ಚಿದರೆ ಮೊಸರನ್ನ. ಎಲ್ಲದರ ಮೇಲೂ ಸಬ್ಬಸಿಗೆ ಸೊಪ್ಪು ಉದುರಿಸುತ್ತಾರೆ, ಐಸ್‌ಕ್ರೀಮ್ ಒಂದು ಬಿಟ್ಟು.

ನಮ್ಮ ಬ್ಯಾಂಕುಗಳ ವೀಸಾ, ಮಾಸ್ಟರ್ ಕಾರ್ಡ್‌ಗಳು 2022ರ ಮಾರ್ಚ್‌ನಿಂದ ಅಲ್ಲಿ ನಡೆಯುವುದಿಲ್ಲ. ಡಾಲರ್ ನೋಟು ಒಯ್ಯಿರಿ, ಗೀಚಿದ್ದು ಹರಿದದ್ದು ಬೇಡ, ಬ್ಯಾಂಕಿನಲ್ಲಿ ರೂಬಲ್ ಮಾಡಿಸಿ. ಚಿಲ್ಲರೆ ಇಟ್ಟುಕೊಳ್ಳಿ, ಶೌಚಾಲಯಕ್ಕೆ ಎಷ್ಟೋ ಕಡೆ ದುಡ್ಡು. ಹೆಂಗಸರ ಬಾಗಿಲ ಮೇಲೆ ಜೇಡದ ಹಾಗೆ ಆರು ಕಾಲಿನ ಅಕ್ಷರ, ಗಂಡಸರದ್ದಕ್ಕೆ ಇಂಗ್ಲಿಷಿನ ಎಂ. ಅಮ್ಮನಿಗೆ ಮೊದಲೇ ಹೇಳಿಡಿ. ಕ್ರೆಮ್ಲಿನ್ ಹತ್ತಿರ ಫೋನಿನ ಮ್ಯಾಪ್ ನಂಬಬೇಡಿ, ಅಲ್ಲಿ ಜಿಪಿಎಸ್ ಕೆಡಿಸಿರುತ್ತಾರೆ, ನೀವು ಏರ್‌ಪೋರ್ಟ್‌ನಲ್ಲಿದ್ದೀರಿ ಅಂತ ತೋರಿಸುತ್ತೆ. ವಾಟ್ಸಾಪ್ ಕರೆಯನ್ನೂ ನಂಬಿಕೊಳ್ಳಬೇಡಿ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕ್ಯಾಥರೀನ್ ಅರಮನೆ ಕೈಬಿಟ್ಟೆ, ಭಾಷೆಯ ಬಗ್ಗೆ ಏಜೆಂಟ್‌ಗೆ ಇವತ್ತೇ ಬರೆದೆ. ಅಮ್ಮನಿಗೆ ಮಾಸ್ಕೋ ಮೆಟ್ರೊ ಸ್ಟೇಷನ್‌ಗಳನ್ನು ನೋಡಬೇಕಂತೆ. ಮಂಡಿ ನೋವಿಗೆ ಆಗುತ್ತಾ?

ಮೈಸೂರಿನವರು:

ಖಂಡಿತ ಆಗುತ್ತೆ ಸರ್, ಇಳಿಯುವುದು ಹೆಚ್ಚಾಗಿ ಎಸ್ಕಲೇಟರ್‌ನಲ್ಲೇ, ಕೆಲವು ಕಡೆ ಮೆಟ್ಟಿಲೂ ಇರುತ್ತದೆ. ಆದರೆ ಎಸ್ಕಲೇಟರ್ ನಮ್ಮ ಮಾಲ್‌ಗಳದ್ದಕ್ಕಿಂತ ಜೋರು, ಕೆಲವು ಕಡೆ ಎರಡು ಮೂರು ನಿಮಿಷ ಇಳಿಯುತ್ತಲೇ ಇರಬೇಕು. ಬಲಗಡೆ ನಿಲ್ಲಿ, ಎಡಗಡೆ ಓಡುವವರಿಗೆ ಬಿಡಿ. ಸೀರೆ ಸೆರಗು ಸಿಕ್ಕಿಸಿಕೊಂಡಿರಲಿ. ಬೆಳಿಗ್ಗೆ ಹತ್ತಕ್ಕೆ ಮೊದಲು ಬೇಡ, ಆಫೀಸಿಗೆ ಹೋಗುವವರು ತಳ್ಳಿಕೊಂಡೇ ಹೋಗುತ್ತಾರೆ.